ಪೊರೆ ಆಪರೇಷನ್‌ಗೆ ಮುನ್ನ ಕಣ್ಣಿನ ಪಾಪೆ ಹಿಗ್ಗಿಸುವುದೇಕೆ?

ನಮ್ಮ ಟ್ರಸ್ಟಿನ ದಾನಿಗಳಿಗೂ ವಿದ್ಯಾರ್ಥಿವೇತನ ಪಡೆಯುತ್ತಿರುವ ಕುಟುಂಬಗಳಿಗೂ ಉಪಯೋಗವಾಗಲೆಂದು ಈ ಮಾಹಿತಿ ನೀಡುತ್ತಿದ್ದೇವೆ. ಪೊರೆ ತೆಗೆಸಲು ಹೋದ ಹಿರಿಯರು ಕೇಳುವುದುಂಟು: "ಆಪರೇಷನ್ ಅರ್ಧ ಗಂಟೆಯೂ ಇಲ್ಲ, ಅದಕ್ಕೂ ಮೊದಲು ಇಷ್ಟು ಹೊತ್ತು ಹನಿ ಹಾಕುತ್ತಾ ಕೂರಿಸುವುದೇಕೆ?"

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಸಣ್ಣ ರಂಧ್ರದ ಮೂಲಕ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ನಮ್ಮ ಭಾಗದ ಹೆಚ್ಚಿನವರು ನೋಡಿದ್ದಾರೆ. ಕಣ್ಣಿನ ಪಾಪೆಯೂ ಅಂಥದೇ ಒಂದು ರಂಧ್ರ. ಬಿಸಿಲಿನಲ್ಲಿ ಅದು ಸುಮಾರು 2 ಮಿಲಿಮೀಟರಿಗೆ ಕುಗ್ಗುತ್ತದೆ, ಕತ್ತಲಲ್ಲಿ ಹಿಗ್ಗುತ್ತದೆ. ಪೊರೆ ಬಂದ ಮಸೂರ ಇರುವುದು ಈ ರಂಧ್ರದ ಹಿಂದೆ. ವೈದ್ಯರು ಹಳೆಯ ಮಸೂರವನ್ನು ತೆಗೆದು ಹೊಸದನ್ನು ಕೂರಿಸಬೇಕಾದದ್ದು ಇದೇ ಬಾಗಿಲಿನಿಂದ. ಬಾಗಿಲು ಕಿರಿದಾದರೆ ಮಸೂರದ ತೆಳುವಾದ ಚೀಲ ಹರಿಯುವ, ಪೊರೆಯ ಚೂರು ಕಣ್ಣಿನ ಹಿಂಭಾಗಕ್ಕೆ ಜಾರುವ ಅಪಾಯ ಹೆಚ್ಚು.

ಮೊದಲ ಉಪಾಯ ಹನಿ ಔಷಧ. ಟ್ರೋಪಿಕಾಮೈಡ್ ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಸಡಿಲಿಸುತ್ತದೆ. ಫೀನೈಲೆಫ್ರಿನ್ ಹಿಗ್ಗಿಸುವ ಸ್ನಾಯುವನ್ನು ಎಳೆಯುತ್ತದೆ. ಆಪರೇಷನ್ ನಡುವೆ ಪಾಪೆ ಮತ್ತೆ ಕುಗ್ಗದಿರಲೆಂದು ಉರಿಯೂತ ತಡೆಯುವ ಹನಿಯನ್ನೂ ಮೊದಲೇ ಹಾಕುತ್ತಾರೆ. ಇವೆಲ್ಲ ಕೆಲಸ ಮಾಡಲು ಸಮಯ ಬೇಕು, ಕಾಯಿಸುವುದು ಅದಕ್ಕಾಗಿಯೇ.

ಹನಿ ಸಾಲದಿದ್ದರೆ ಕಣ್ಣಿನೊಳಕ್ಕೇ ಅಡ್ರಿನಲಿನ್ ಅಥವಾ ಫೀನೈಲೆಫ್ರಿನ್ ಔಷಧ ಬಿಡುತ್ತಾರೆ, ಜೆಲ್ಲಿಯಂಥ ದ್ರವ ತುಂಬಿ ಪಾಪೆಯನ್ನು ಅಗಲಿಸುತ್ತಾರೆ. ಅದೂ ಸಾಲದಿದ್ದರೆ ಸಣ್ಣ ಕೊಕ್ಕೆಗಳಿಂದ ಪಾಪೆಯ ಅಂಚನ್ನು ಎಳೆದು ಹಿಡಿಯುತ್ತಾರೆ, ಇಲ್ಲವೇ ಉಂಗುರ ತೊಡಿಸುತ್ತಾರೆ. ರಷ್ಯಾದ ವೈದ್ಯ ಬೋರಿಸ್ ಮಾಲ್ಯುಗಿನ್ ಅವರ ಹೆಸರಿನ ಉಂಗುರ ಪ್ರಸಿದ್ಧ. ಕೋಲ್ಕತ್ತಾದ ನೇತ್ರತಜ್ಞ ಸುವೇನ್ ಭಟ್ಟಾಚಾರ್ಜಿ ಅವರು ಬಿ-ಹೆಕ್ಸ್ ಎಂಬ ತೆಳುವಾದ ಆರು ಮೂಲೆಯ ಉಂಗುರ ರೂಪಿಸಿದ್ದಾರೆ. ಕೆಲಸ ಮುಗಿದ ಮೇಲೆ ಕೊಕ್ಕೆಯನ್ನೂ ಉಂಗುರವನ್ನೂ ಹೊರತೆಗೆಯುತ್ತಾರೆ.

ಯಾರ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ? ಬಹುಕಾಲದ ಸಕ್ಕರೆ ಕಾಯಿಲೆ ಇರುವವರು, ಕಣ್ಣಿಗೆ ಹಿಂದೆ ಪೆಟ್ಟು ಅಥವಾ ಉರಿಯೂತ ಆದವರು ಇದರಲ್ಲಿ ಸೇರುತ್ತಾರೆ. ಇನ್ನೊಂದು ಮುಖ್ಯ ಕಾರಣವನ್ನು 2005ರಲ್ಲಿ ಅಮೆರಿಕದ ವೈದ್ಯರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ ತಿಳಿಸಿದರು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಂಡವರಲ್ಲಿ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ, ಆಪರೇಷನ್ ಮಧ್ಯೆ ಅಲೆಯಂತೆ ಅಲುಗಿ, ಪಾಪೆ ಕುಗ್ಗುತ್ತದೆ. ಈ ಮಾತ್ರೆಯನ್ನು ಮೂತ್ರನಾಳದ ಕಲ್ಲಿಗೂ ಕೊಡುವುದುಂಟು, ಹೆಂಗಸರಿಗೂ ಕೂಡ. ಕೆಲವು ದಿನ ನಿಲ್ಲಿಸಿದ ಮಾತ್ರಕ್ಕೆ ಪರಿಣಾಮ ಹೋಗುವುದಿಲ್ಲ. ಆದ್ದರಿಂದ ತಾವಾಗಿಯೇ ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ. ಮೊದಲೇ ಗೊತ್ತಿದ್ದರೆ ಅವರು ಔಷಧ, ಕೊಕ್ಕೆ, ಉಂಗುರ ಸಿದ್ಧವಾಗಿಟ್ಟುಕೊಳ್ಳುತ್ತಾರೆ.

ಮೂತ್ರದ ತೊಂದರೆಯನ್ನು ಶಿಬಿರದ ಜನರೆದುರು ಹೇಳಲು ನಮ್ಮ ಹಿರಿಯರು ನಾಚುತ್ತಾರೆ. ಇಲ್ಲಿ ಓದುವ ಮಕ್ಕಳು ನೆರವಾಗಬಹುದು. ಅಜ್ಜ ಅಜ್ಜಿಯ ಎಲ್ಲ ಮಾತ್ರೆಗಳ ಹೆಸರನ್ನು, ಹಿಂದೆ ತೆಗೆದುಕೊಂಡು ಬಿಟ್ಟವನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆಯಿರಿ. ಸಕ್ಕರೆ, ಬಿಪಿ, ಹೃದಯದ ಕಾಯಿಲೆ, ಕಣ್ಣಿನ ಹಳೆಯ ಪೆಟ್ಟು ಇದ್ದರೆ ಅದನ್ನೂ ಸೇರಿಸಿ; ಫೀನೈಲೆಫ್ರಿನ್ ಬಿಪಿ ಏರಿಸಬಲ್ಲದು. ತಪಾಸಣೆಯ ದಿನವೇ ಚೀಟಿಯನ್ನು ವೈದ್ಯರ ಕೈಗೆ ಕೊಡಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಬ್ಬಾಗಿ ಬೆಳಕು ಚುಚ್ಚುತ್ತದೆ; ಹಿರಿಯರನ್ನು ಒಂಟಿಯಾಗಿ ಕಳಿಸಬೇಡಿ, ಗಾಡಿ ಓಡಿಸಲು ಬಿಡಬೇಡಿ.