ಮನಿಲಾ ಕೊಲ್ಲಿಯಲ್ಲಿ ಅನಾಥವಾಗಿ ನಿಂತ ಕಾಂಕ್ರೀಟ್ ಯುದ್ಧನೌಕೆ

ಫಿಲಿಪ್ಪೀನ್ಸ್‌ನ ಮನಿಲಾ ಕೊಲ್ಲಿಯ ಪ್ರವೇಶದ್ವಾರದಲ್ಲಿ ಯುದ್ಧನೌಕೆಯಂಥ ಆಕೃತಿಯೊಂದು ಕಾಣುತ್ತದೆ. ಅದು ಎಂದೂ ತೇಲಿದ್ದಲ್ಲ. ಎಲ್ ಫ್ರೈಲೆ ಎಂಬ ಬಂಡೆದ್ವೀಪವನ್ನು ನೀರಿನ ಮಟ್ಟದವರೆಗೆ ಕಡಿದು, ಅದರ ಮೇಲೆ ಅಮೆರಿಕ ಕಟ್ಟಿದ ಫೋರ್ಟ್ ಡ್ರಮ್ ಕೋಟೆ ಅದು.

ಈ ಬಂಡೆಯ ಮೇಲೆ ಮೊದಲು ಫಿರಂಗಿ ಇಟ್ಟವರು ಸ್ಪೇನಿನವರು. 1898ರ ಮೇ 1ರ ನಸುಕಿಗೂ ಮುನ್ನ ಕಮೊಡೋರ್ ಡ್ಯೂಯಿ ನೇತೃತ್ವದ ಅಮೆರಿಕದ ನೌಕಾಪಡೆ ಒಳನುಗ್ಗಿದಾಗ ಇಲ್ಲಿಂದ ಗುಂಡು ಹಾರಿತ್ತಾದರೂ ಪ್ರಯೋಜನವಾಗಲಿಲ್ಲ. ತಾನೇ ಸುಲಭವಾಗಿ ದಾಟಿದ ಬಾಗಿಲನ್ನು ಇನ್ನೊಬ್ಬರು ದಾಟದಂತೆ ಮುಚ್ಚುವ ಹೊಣೆ ಬಳಿಕ ಅಮೆರಿಕದ ಪಾಲಿಗೇ ಬಂತು.

1909ರಲ್ಲಿ ಕಾಮಗಾರಿ ಆರಂಭವಾಯಿತು. 350 ಅಡಿ ಉದ್ದ, 144 ಅಡಿ ಅಗಲದ ಕಟ್ಟಡ. ಚಾವಣಿಯೇ 20 ಅಡಿ ದಪ್ಪ. ಮೇಲೆ ಎರಡು ಉಕ್ಕಿನ ಗೋಪುರಗಳಲ್ಲಿ 14 ಇಂಚು ವ್ಯಾಸದ ನಾಲ್ಕು ಫಿರಂಗಿ, ಪಕ್ಕಗಳಲ್ಲಿ 6 ಇಂಚಿನ ಇನ್ನು ನಾಲ್ಕು. ಸಮುದ್ರದಿಂದ ಬರುವ ಯಾವ ಶತ್ರುವಿಗೂ ಅದು ಜಗ್ಗುವಂತಿರಲಿಲ್ಲ.

ಆದರೆ ಕಾಲ ಬದಲಾಗಿತ್ತು. ವಿಮಾನಗಳು ಬಲಗೊಂಡವು. ಪೆಸಿಫಿಕ್ ವಲಯದಲ್ಲಿ ಹೊಸ ಕೋಟೆ-ಕೊತ್ತಲ ನಿರ್ಮಿಸಬಾರದೆಂಬ 1922ರ ವಾಷಿಂಗ್ಟನ್ ನೌಕಾ ಒಪ್ಪಂದದಿಂದ ಕೋಟೆಯನ್ನು ಹೊಸ ಕಾಲಕ್ಕೆ ಸಜ್ಜುಗೊಳಿಸುವ ದಾರಿಯೂ ಮುಚ್ಚಿತು. 1942ರಲ್ಲಿ ಜಪಾನ್ ಇದರತ್ತ ಯುದ್ಧನೌಕೆ ಕಳುಹಿಸುವ ಗೋಜಿಗೇ ಹೋಗಲಿಲ್ಲ. ವಿಮಾನಗಳಿಂದ ಬಾಂಬ್ ಸುರಿಯಿತು, ಕವೀತೆ ತೀರದಿಂದ ಫಿರಂಗಿ ಹಾರಿಸಿತು. ಕಾಂಕ್ರೀಟ್ ಚೂರುಚೂರಾಗಿ ಉದುರಿದರೂ ದೊಡ್ಡ ಫಿರಂಗಿಗಳು ಕೊನೆಯವರೆಗೂ ಮೊಳಗಿದವು. ಕೋಟೆಯನ್ನು ಯಾರೂ ಭೇದಿಸಲಿಲ್ಲ. ಸಮೀಪದ ಕೊರೆಗಿಡಾರ್ ದ್ವೀಪ ಮೇ 6ರಂದು ಶರಣಾದಾಗ ಇದೂ ಶರಣಾಗಬೇಕಾಯಿತು. ಅದಕ್ಕೂ ಮುನ್ನ ಸಿಬ್ಬಂದಿ ಫಿರಂಗಿಗಳನ್ನು ನಿಷ್ಕ್ರಿಯಗೊಳಿಸಿದ್ದರು.

ಮೂರು ವರ್ಷಗಳ ನಂತರದ ಘಟನೆ ಘೋರವಾದುದು. ಮನಿಲಾವನ್ನು ಮರಳಿ ಪಡೆದಿದ್ದ ಅಮೆರಿಕದ ಪಡೆಗಳಿಗೆ ತಾವೇ ಕಟ್ಟಿದ ಗೋಡೆ ಅಡ್ಡಬಂದಿತ್ತು. ಒಳಗೆ 60ಕ್ಕೂ ಹೆಚ್ಚು ಜಪಾನೀ ಸೈನಿಕರಿದ್ದರು. 1945ರ ಏಪ್ರಿಲ್ 13ರಂದು ನೌಕೆಯೊಂದು ಕೋಟೆಗೆ ತಾಗಿ ನಿಂತಿತು. ಯಾರೂ ಹೊರಬರದಂತೆ ಸೈನಿಕರು ಕಿಂಡಿಗಳಿಗೆ ಬಂದೂಕು ಗುರಿಯಿಟ್ಟರು. ಚಾವಣಿಯ ಗಾಳಿಕಿಂಡಿಯಿಂದ ಸಾವಿರಾರು ಲೀಟರ್ ಡೀಸೆಲ್-ಪೆಟ್ರೋಲ್ ಮಿಶ್ರಣ ಒಳಗಿಳಿಸಿ ಸ್ಫೋಟಕದ ಬತ್ತಿಗೆ ಕಿಡಿ ಹಚ್ಚಲಾಯಿತು. ಬೆಂಕಿ ಹಲವು ದಿನ ಉರಿಯಿತು. ಒಳಗಿದ್ದವರಲ್ಲಿ ಒಬ್ಬರೂ ಬದುಕುಳಿಯಲಿಲ್ಲ. ಯಾವ ಬಾಂಬಿಗೂ ಬಗ್ಗದ ಕಾಂಕ್ರೀಟು ಅವರಿಗೆ ಒಲೆಯಾಯಿತು.

ಯುದ್ಧಾನಂತರ ಕೋಟೆಯನ್ನು ಯಾರೂ ದುರಸ್ತಿ ಮಾಡಲಿಲ್ಲ. ಗುಜರಿ ಆಯುವವರು ಒಳಗಿನ ಲೋಹವನ್ನು ಕತ್ತರಿಸಿ ಸಾಗಿಸಿದರು. ತುಕ್ಕು ಹಿಡಿದ ಗೋಪುರಗಳು ಮಾತ್ರ ಚಾವಣಿಯ ಮೇಲೆ ಉಳಿದಿವೆ.