ಸೌದೆ ಸೀಳಲು ಬೆಣೆಯೋ, ಯಂತ್ರವೋ?

ಪತ್ತನಾಜೆ ಕಳೆದ ಮೇಲೆ ಸೌದೆಯ ಚಿಂತೆ ಮಾಡಿ ಫಲವಿಲ್ಲ. ನಮ್ಮ ಕಾಸರಗೋಡು ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸಪ್ಟೆಂಬರ್ ತನಕ ಬಿಡುವು ಕಡಿಮೆ. ಅಡಿಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲ ಹಂಡೆಗೆ, ಭತ್ತ ಬೇಯಿಸಲಿಕ್ಕೆ, ಮನೆಯ ಅನುಪತ್ಯಗಳಿಗೆ ಇಂದಿಗೂ ಅನೇಕ ಮನೆಗಳಲ್ಲಿ ಕಟ್ಟಿಗೆಯೇ ಬೇಕು. ಸೀಳಲು ಆಳು ಸಿಕ್ಕುವುದು ಮಾತ್ರ ಕಷ್ಟವಾಗಿದೆ. ಆದುದರಿಂದ ಸೌದೆ ಸೀಳುವ ಯಂತ್ರವನ್ನೇ ಕೊಂಡರೆ ಹೇಗೆ ಎಂದು ಹಲವರು ಯೋಚಿಸುತ್ತಾರೆ. ಹಣ ಕೊಡುವ ಮೊದಲು ಯಂತ್ರದ ಬಲಕ್ಕಿಂತ ನಮ್ಮ ಮನೆಯ ಮರವನ್ನು ನೋಡುವುದು ಒಳ್ಳೆಯದು.

ಮರದ ಗುಣ

ಮರ ಸೀಳುವುದು ಅದರ ಎಳೆಯ ಉದ್ದಕ್ಕೆ. ಎಳೆ ನೇರವಾಗಿದ್ದರೆ ಕೆಲಸ ಹಗುರ. ಅಡಿಕೆ ಮರಕ್ಕೆ ಯಂತ್ರ ಬೇಡವೇ ಬೇಡ. ಕೊಡಲಿಯ ಏಟಿಗೆ ಉದ್ದಕ್ಕೂ ಬಿರಿಯುತ್ತದೆ. ರಬ್ಬರಿನ ನೇರವಾದ ಕಾಂಡವೂ ಹೆಚ್ಚು ತೊಂದರೆ ಕೊಡುವುದಿಲ್ಲ. ಹಲಸು, ಮಾವುಗಳ ಕವಲು ಮತ್ತು ಗಂಟುಗಳಲ್ಲಿ ಎಳೆ ಹೆಣೆದುಕೊಂಡಿರುವುದರಿಂದ ಅವು ಮೊಂಡು. ಹುಣಸೆಯದಂತೂ ಹೇಳುವುದೇ ಬೇಡ.

ಇನ್ನೊಂದು ಮಾತು: ಬಹುತೇಕ ಮರಗಳು ಒಣಗಿದ ಮೇಲಿಗಿಂತ ಹಸಿಯಾಗಿದ್ದಾಗ ಸುಲಭವಾಗಿ ಸೀಳುತ್ತವೆ. ಕಡಿದ ಕೂಡಲೇ ತುಂಡು ಮಾಡಿ ಸೀಳಿದರೆ ಶ್ರಮ ಉಳಿಯುತ್ತದೆ, ಸೌದೆಯೂ ಬೇಗ ಒಣಗುತ್ತದೆ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 615 ಕಿಲೋಕ್ಯಾಲೊರಿ ಶಾಖ ಬೇಕು. ಹಸಿ ಸೌದೆ ಉರಿಸಿದರೆ ಹಂಡೆಗೆ ಸಲ್ಲಬೇಕಾದ ಶಾಖ ಸೌದೆಯೊಳಗಿನ ನೀರಿಗೇ ಖರ್ಚಾಗಿ, ನಮ್ಮ ಪಾಲಿಗೆ ಹೊಗೆ ಉಳಿಯುತ್ತದೆ.

ಬೆಣೆ ಮತ್ತು ಸಮ್ಮಟಿಗೆ

ದಿನಕ್ಕೆ 5 ಕಿಲೋ ಸೌದೆ ಉರಿಸುವ ಮನೆಗೆ ಮಳೆಗಾಲದ 4 ತಿಂಗಳಿಗೆ ಬೇಕಾದುದು 600 ಕಿಲೋ. ಇಷ್ಟಕ್ಕೆ ಎರಡು ಕಬ್ಬಿಣದ ಬೆಣೆ, ಸುಮಾರು 4 ಕಿಲೋ ತೂಕದ ಒಂದು ಸಮ್ಮಟಿಗೆ ಸಾಕು. ಒಂದೇ ಬೆಣೆ ಸಾಲದು. ಅದು ಕಚ್ಚಿಕೊಂಡರೆ ಬಿರುಕಿನಲ್ಲಿ ಎರಡನೆಯದನ್ನು ಹೊಡೆದು ಬಿಡಿಸಬೇಕಾಗುತ್ತದೆ. ದಪ್ಪ ತುಂಡನ್ನು ನಡುವಿನಿಂದ ಒಡೆಯಹೋಗದೆ, ಸುತ್ತಲೂ ಅಂಚಿನಿಂದ ಹೋಳು ತೆಗೆಯುತ್ತ ಬನ್ನಿ. ಕೊಡಲಿಯ ಹಿಂಬದಿಯಿಂದ ಬೆಣೆಗೆ ಹೊಡೆಯಬಾರದು. ಕಾವು ಕೂರುವ ಕಣ್ಣು ಬಿರಿಯುತ್ತದೆ. ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಅರದಿಂದ ಉಜ್ಜಿ ಸರಿಪಡಿಸಿ. ಇಲ್ಲದಿದ್ದರೆ ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬಿದ್ದೀತು.

ತಿರುಪಿನ ಯಂತ್ರ

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಬುಗುರಿಯಂತೆ ಮೊನಚಾದ, ತಿರುಪು ಕೊರೆದ ಉಕ್ಕಿನ ಮೊನೆ ಮೋಟಾರಿನ ಬಲದಿಂದ ತಿರುಗುತ್ತದೆ. ಅದಕ್ಕೆ ತಾಗಿಸಿದ ಕಟ್ಟಿಗೆಯನ್ನು ತಾನೇ ಒಳಗೆಳೆದುಕೊಂಡು ಸೀಳುತ್ತದೆ. ರಚನೆ ಸರಳ, ಕೆಲಸ ವೇಗ. ಆದರೆ ಕಟ್ಟಿಗೆಯನ್ನು ಎಳೆಯುವ ಆ ಮೊನೆಗೆ ಕೈಗವಸು, ಬೈರಾಸು, ಮುಂಡಿನ ಅಂಚು, ಸೀರೆಯ ಸೆರಗು ಎಂಬ ಭೇದವಿಲ್ಲ. ಸಿಕ್ಕಿದ್ದನ್ನು ಸುತ್ತಿಕೊಳ್ಳುತ್ತದೆ, ಗುಂಡಿ ಒತ್ತಿದರೂ ಆ ಕ್ಷಣವೇ ನಿಲ್ಲುವುದಿಲ್ಲ. ಸರಿಯಾದ ತಡೆ ಇಲ್ಲದಿದ್ದರೆ ಕಟ್ಟಿಗೆಯೇ ಗಿರ್ರನೆ ತಿರುಗಿ ಕೈಯನ್ನು ಮುರಿಯಬಲ್ಲದು. ಮಕ್ಕಳು ಓಡಾಡುವ ಮನೆಯಂಗಳಕ್ಕೆ ಇದನ್ನು ತರಬೇಡಿರೆಂದೇ ನಮ್ಮ ಸಲಹೆ.

ಎಣ್ಣೆ ಒತ್ತಡದ ಯಂತ್ರ

ಎರಡನೆಯದು ಹೈಡ್ರಾಲಿಕ್. ಪಂಪು ಎಣ್ಣೆಯನ್ನು ಒತ್ತಿ ಕೊಳವೆಯೊಳಗಿನ ದಂಡವನ್ನು ನೂಕುತ್ತದೆ. ದಂಡ ಕಟ್ಟಿಗೆಯನ್ನು ಬೆಣೆಗೆ ಒತ್ತುತ್ತದೆ. ಒತ್ತಡವನ್ನು ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಬಲ ತಿಳಿಯುತ್ತದೆ. 6.5 ಸೆಂಟಿಮೀಟರ್ ಬಾಯಿಯ ಕೊಳವೆಯ ವಿಸ್ತೀರ್ಣ ಸುಮಾರು 33 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡವಿದ್ದರೆ ಬಲ 6.6 ಟನ್ನು. ಮಾರುವವರು 20 ಟನ್ನು ಎಂದರೆ ಈ ಎರಡು ಅಳತೆಗಳನ್ನು ಕೇಳಿ ನೀವೇ ಲೆಕ್ಕ ಹಾಕಿರಿ. ಗೇಣು ದಪ್ಪದ ನೇರ ತುಂಡುಗಳಿಗೆ 5ರಿಂದ 7 ಟನ್ನು ಸಾಮಾನ್ಯವಾಗಿ ಸಾಕು. ಗಂಟುಳ್ಳ ದಪ್ಪ ಹಲಸಿಗೆ ಅದರ ಎರಡು ಮೂರು ಪಾಲು ಬೇಕಾದೀತು.

ಎರಡೂ ಕೈಗಳಿಂದ ಹಿಡಿದರೆ ಮಾತ್ರ ನಡೆಯುವ, ಒಂದು ಕೈ ಬಿಟ್ಟರೂ ದಂಡ ನಿಲ್ಲುವ ಯಂತ್ರವನ್ನೇ ಆರಿಸಬೇಕು. ಆಗ ಬೆರಳು ಬೆಣೆಯ ಬಳಿ ಹೋಗಲು ಆಸ್ಪದವಿಲ್ಲ. ನಿಮ್ಮ ಒಲೆಗೆ ಬೇಕಾದ ಉದ್ದದ ತುಂಡು ಅದರಲ್ಲಿ ಹಿಡಿಯುತ್ತದೆಯೇ ಎಂದೂ ಅಳೆದು ನೋಡಿ. 2 ಅಶ್ವಶಕ್ತಿಯ ಮೋಟಾರು ಪೂರ್ತಿ ಹೊರೆಯಲ್ಲಿ ಸುಮಾರು 10 ಆಂಪಿಯರ್ ಎಳೆಯುವುದರಿಂದ ದೀಪದ ಪ್ಲಗ್ಗಿಗೆ ಸಿಕ್ಕಿಸಬೇಡಿ; ಅರ್ತಿಂಗ್ ಇರುವ ದೊಡ್ಡ ಪ್ಲಗ್ಗು, ದಪ್ಪ ತಂತಿ ಅಗತ್ಯ. ಪೆಟ್ರೋಲ್ ಯಂತ್ರವಾದರೆ ಮುಚ್ಚಿದ ಕೊಟ್ಟಿಗೆಯೊಳಗೆ ನಡೆಸಬಾರದು. ಅದರ ಹೊಗೆಯಲ್ಲಿ ಪ್ರಾಣಾಂತಿಕ ವಿಷಾನಿಲವಿದೆ.

ಯಾರಿಗೆ ಯಾವುದು?

ಹಂಡೆಗೆ ಮಾತ್ರ ಸೌದೆ ಬೇಕಾದ ಮನೆಗೆ ಬೆಣೆಯೇ ಲೇಸು. ತೋಟದಲ್ಲಿ ವರ್ಷವೂ ಹಳೆಯ ಮರ ಬೀಳುವವರಿಗೆ, ತೋಳಿನಲ್ಲಿ ಬಲ ಕುಂದಿದ ಹಿರಿಯರಿರುವ ಮನೆಗೆ ಎಣ್ಣೆ ಒತ್ತಡದ ಯಂತ್ರ ಉಪಯುಕ್ತ. ಆದರೆ ಅದು ವರ್ಷದಲ್ಲಿ ಕೆಲವೇ ದಿನ ದುಡಿದು ಉಳಿದ ದಿನ ತುಕ್ಕು ಹಿಡಿಯುವ ವಸ್ತು. ನೆರೆಕರೆಯ ಐದಾರು ಮನೆಯವರು ಸೇರಿ ಒಂದನ್ನು ಕೊಂಡು ಸರದಿಯಂತೆ ಬಳಸಿದರೆ ಹಣವೂ ಉಳಿಯುತ್ತದೆ. ಕುಂಭ ಮಾಸದಲ್ಲಿ ಸೀಳಿ, ಬಿಸಿಲಿಗೆ ಒಡ್ಡಿ, ಪತ್ತನಾಜೆಯೊಳಗೆ ಕೊಟ್ಟಿಗೆ ಸೇರಿಸಿದರೆ ಆಟಿಯ ಜಡಿಮಳೆಯಲ್ಲೂ ಹಂಡೆಯ ನೀರು ಬಿಸಿಯಾಗಿರುವುದು.