ಕ್ಲಾರಿಯೋನೆಟ್ ವಾದ್ಯದ ಹೊಂದಾಣಿಕೆ: ಬಸವಕಲ್ಯಾಣ–ಹುಮನಾಬಾದ್ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಾದ್ಯಗಳನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಎರಡು ಸಂಗತಿಗಳಿಗೆ ಹೆಚ್ಚಿನ ಸ್ಥಾನ ದೊರೆತಿದೆ. ಒಂದು, ವಾದ್ಯದ ಉಗಮ ಮತ್ತು ಪ್ರಸಾರ. ಇನ್ನೊಂದು, ಅದನ್ನು ನುಡಿಸಿದ ಕಲಾವಿದರ ಜೀವನ. ಇವೆರಡರ ನಡುವೆ ಮೂರನೆಯದೊಂದು ಸಂಗತಿಯಿದೆ. ತಯಾರಾಗಿ ಬಂದ ವಾದ್ಯವನ್ನು ಒಬ್ಬ ನಿರ್ದಿಷ್ಟ ವಾದಕನ ಉಸಿರು, ತುಟಿ, ಬೆರಳು ಮತ್ತು ಸಂಗೀತಪದ್ಧತಿಗೆ ಹೊಂದಿಸುವ ಕುಶಲಕರ್ಮವೇ ಅದು. ಈ ಕರ್ಮದ ದಾಖಲೆ ನಮ್ಮಲ್ಲಿ ಅತ್ಯಲ್ಪ. ಯುರೋಪಿನಲ್ಲಿ ಹುಟ್ಟಿ ನಮ್ಮ ಮೆರವಣಿಗೆ, ಮದುವೆ ಹಾಗೂ ಕಚೇರಿಗಳನ್ನು ಪ್ರವೇಶಿಸಿದ ಕ್ಲಾರಿಯೋನೆಟ್ ವಾದ್ಯವನ್ನು ಉದಾಹರಣೆಯಾಗಿಟ್ಟುಕೊಂಡು ಈ ಕರ್ಮದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಪರಂಪರೆ

ಬೀದರ ಜಿಲ್ಲೆಯ ಬಸವಕಲ್ಯಾಣವು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ನಗರ. ಕ್ರಿ.ಶ. 1130ರ ಸುಮಾರಿನಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಾದ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಅವನ ಮಗ ಎರಡನೆಯ ಜಗದೇಕಮಲ್ಲನು 'ಸಂಗೀತಚೂಡಾಮಣಿ'ಯನ್ನು ರಚಿಸಿದನು. ಮುಂದೆ ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಕೊಳಲಿನ ಭೇದಗಳನ್ನು ಊದುರಂಧ್ರಕ್ಕೂ ಬೆರಳುರಂಧ್ರಕ್ಕೂ ಇರುವ ಅಂತರದ ಆಧಾರದ ಮೇಲೆ ಅಂಗುಲಗಳಲ್ಲಿ ನಿರೂಪಿಸಿದನು. ಸುಷಿರವಾದ್ಯದ ಅಳತೆಯನ್ನು ಮಾನವಶರೀರದಿಂದ ಹುಟ್ಟಿದ ಮಾನದಲ್ಲಿ ಹೇಳುವ ಈ ಕ್ರಮ ಗಮನಾರ್ಹವಾದುದು. ತನ್ನ ಶರೀರವನ್ನೇ ತಂತಿವಾದ್ಯವಾಗಿಸಿ ನುಡಿಸುವಂತೆ ದೈವವನ್ನು ಬೇಡುವ ಬಸವಣ್ಣನವರ ವಚನವೂ ಇದೇ ಕಲ್ಯಾಣದ ಶರಣ ಪರಂಪರೆಗೆ ಸೇರಿದುದು.

ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿ ನೆಲೆಸಿದ ಸ್ಥಳವೇ ಮಾಣಿಕನಗರ. ಕನ್ನಡ, ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ಅವರು ಪದಗಳನ್ನು ರಚಿಸಿದರು. ಅವರು 1865ರಲ್ಲಿ ಸಮಾಧಿಸ್ಥರಾದ ಬಳಿಕವೂ ಆ ಸಂಸ್ಥಾನದಲ್ಲಿ ಸಂಗೀತಸೇವೆಯ ಪರಂಪರೆ ಮುಂದುವರಿದಿದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯದು ಬಯಲಿನ ವಾದ್ಯಗಳ ಲೋಕ. ಹೀಗೆ ಒಂದೇ ಪರಿಸರದಲ್ಲಿ ಸಭೆಯ ಸಂಗೀತವೂ ಮೆರವಣಿಗೆಯ ಸಂಗೀತವೂ ಅಕ್ಕಪಕ್ಕದಲ್ಲಿವೆ. ಇವೆರಡಕ್ಕೂ ಒದಗಬಲ್ಲ ವಿರಳ ವಾದ್ಯಗಳಲ್ಲಿ ಕ್ಲಾರಿಯೋನೆಟ್ ಒಂದು.

ವಾದ್ಯದ ಆಗಮನ

ಹದಿನೆಂಟನೆಯ ಶತಮಾನದ ಆರಂಭದ ವೇಳೆಗೆ ಜರ್ಮನಿಯ ನ್ಯೂರೆಂಬರ್ಗಿನ ಡೆನ್ನರ್ ಕುಟುಂಬದವರ ಕೈಯಲ್ಲಿ ಈ ವಾದ್ಯ ರೂಪುಗೊಂಡಿತು. 1812ರಲ್ಲಿ ಇವಾನ್ ಮ್ಯುಲ್ಲರ್ ಹದಿಮೂರು ಕೀಲಿಗಳ ಮಾದರಿಯನ್ನು ಮುಂದಿಟ್ಟನು. ಬ್ರಸೆಲ್ಸಿನ ಆಲ್ಬರ್ಟ್ ಅದನ್ನು ಪರಿಷ್ಕರಿಸಿದ ರೂಪ 'ಆಲ್ಬರ್ಟ್ ಪದ್ಧತಿ' ಎಂದು ಹೆಸರಾಯಿತು. ಪ್ಯಾರಿಸಿನಲ್ಲಿ ಕ್ಲೋಸೆ ಮತ್ತು ಬ್ಯೂಫೆ 1839ರಲ್ಲಿ ಪ್ರದರ್ಶಿಸಿದ ಮಾದರಿಯು 'ಬೋಮ್ ಪದ್ಧತಿ' ಎನಿಸಿ ಪಶ್ಚಿಮದಲ್ಲಿ ಬಹುತೇಕ ಸರ್ವಮಾನ್ಯವಾಯಿತು.

ಭಾರತಕ್ಕೆ ಇದು ಸೈನ್ಯದ ಬ್ಯಾಂಡುಗಳ ಮೂಲಕ ಬಂದಿತು. ತಂಜಾವೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದು ನೃತ್ಯದ ಮೇಳವನ್ನು ಸೇರಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೀದರ ಸೀಮೆಯಲ್ಲಿ ಮದುವೆ–ಉತ್ಸವಗಳ ಬ್ಯಾಂಡಿನ ವಾದ್ಯವಾಗಿ ಇದು ಜನರಿಗೆ ಪರಿಚಿತ. ಇದೇ ಕಲ್ಯಾಣ ಕರ್ನಾಟಕದ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರು ಹಿಂದುಸ್ತಾನಿ ರಾಗಸಂಗೀತವನ್ನು ಈ ವಾದ್ಯದಲ್ಲಿ ನುಡಿಸಿ, ಬ್ಯಾಂಡಿನ ವಾದ್ಯವು ಕಚೇರಿಯ ವಾದ್ಯವಾಗಬಲ್ಲದೆಂಬುದನ್ನು ತೋರಿಸಿಕೊಟ್ಟರು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಪರದೇಶದ ಸ್ವರವ್ಯವಸ್ಥೆ, ಪರದೇಶದ ಹವಾಮಾನ ಮತ್ತು ಪರದೇಶದ ಅಂಗೈಯನ್ನು ಲಕ್ಷಿಸಿ ತಯಾರಾದ ವಾದ್ಯ ನಮ್ಮ ವಾದಕನಿಗೆ ಒಗ್ಗುವುದು ಹೇಗೆ?

ಸನಾದಿಯಿಂದ ಕ್ಲಾರಿಯೋನೆಟ್‌ಗೆ

ಉತ್ತರ ಕರ್ನಾಟಕದ ಸನಾದಿ ಅಥವಾ ಶಹನಾಯಿಯ ಒಳಕೊಳವೆ ಶಂಕುವಿನಾಕಾರದ್ದು. ಉಸಿರಿನ ಒತ್ತಡವನ್ನು ಹೆಚ್ಚಿಸಿದಾಗ ಅದರ ಷಡ್ಜವು ತಾರಷಡ್ಜಕ್ಕೆ ಏರುತ್ತದೆ. ಕ್ಲಾರಿಯೋನೆಟಿನ ಕೊಳವೆ ಬಹುಪಾಲು ಸಮವ್ಯಾಸದ್ದು. ಅದರ ಷಡ್ಜವು ಮೇಲಿನ ಸ್ಥಾಯಿಗೆ ಹಾರಿದಾಗ ತಾರಪಂಚಮವಾಗುತ್ತದೆ. ಆದ್ದರಿಂದ ಸನಾದಿಯ ಬೆರಳುಗಾರಿಕೆಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಇದರ ಇನ್ನೊಂದು ಪರಿಣಾಮವು ಹೊಂದಿಸುವವನಿಗೆ ಸಂಬಂಧಿಸಿದ್ದು. ಒಂದು ರಂಧ್ರವನ್ನು ತಿದ್ದಿದರೆ ಕೆಳಗಿನ ಒಂದು ಸ್ವರ ಮಾತ್ರವಲ್ಲದೆ ಅದರ ಮೇಲಿನ ಹನ್ನೆರಡನೆಯ ಸ್ವರವೂ ಬದಲಾಗುತ್ತದೆ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸುವ ಅಪಾಯ ಸದಾ ಇರುತ್ತದೆ.

ಹೊಂದಾಣಿಕೆಯ ಕ್ರಮ

ನುರಿತ ಕುಶಲಕರ್ಮಿ ಮೊದಲು ಶ್ರುತಿಯನ್ನು ಮುಟ್ಟುವುದಿಲ್ಲ. ಗಾಳಿಯ ಸೋರಿಕೆಯನ್ನು ಪರೀಕ್ಷಿಸುತ್ತಾನೆ. ವಾದ್ಯದ ಒಂದು ಭಾಗದ ರಂಧ್ರಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಕೆಳತುದಿಯನ್ನು ಅಂಗೈಯಿಂದ ಅಡಗಿಸಿ, ಮೇಲಿನಿಂದ ಗಾಳಿಯನ್ನು ಹೀರಿದಾಗ ಒಳಗಿನ ನಿರ್ವಾತ ಕೆಲವು ಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಯಾವುದೋ ಮೆತ್ತೆ ಸರಿಯಾಗಿ ಕೂಡುತ್ತಿಲ್ಲವೆಂದು ತಿಳಿಯಬೇಕು. ಅಪಸ್ವರವೆಂದು ತೋರುವ ಅನೇಕ ದೋಷಗಳು ಮೂಲತಃ ಸೋರಿಕೆಯ ದೋಷಗಳೇ ಆಗಿರುತ್ತವೆ.

ಎರಡನೆಯದು ಕೀಲಿಗಳ ಎತ್ತರ ಮತ್ತು ಸ್ಪ್ರಿಂಗುಗಳ ಬಿಗುಪು. ಮೆತ್ತೆಯು ರಂಧ್ರದಿಂದ ತೀರ ಕಡಿಮೆ ಮೇಲೇಳುತ್ತಿದ್ದರೆ ಸ್ವರ ಮಂಕಾಗಿ ಇಳಿಯುತ್ತದೆ; ಹೆಚ್ಚು ಎದ್ದರೆ ಸ್ವರ ಬಿಚ್ಚಿಕೊಂಡು ಏರುತ್ತದೆ, ಆದರೆ ಬೆರಳಿನ ವೇಗ ಕುಗ್ಗುತ್ತದೆ. ವಾದ್ಯದ ಭಾರವನ್ನೆಲ್ಲ ಹೊರುವುದು ಬಲಗೈಯ ಹೆಬ್ಬೆರಳು. ಹೆಬ್ಬೆರಳಿನ ಆಸರೆಯನ್ನು ಕೆಲವು ಮಿಲಿಮೀಟರಿನಷ್ಟು ಸರಿಸಿದರೂ ಉಳಿದ ಬೆರಳುಗಳು ರಂಧ್ರಗಳ ಮೇಲೆ ಕೂಡುವ ಕೋನ ಬದಲಾಗುತ್ತದೆ. ಗಂಟೆಗಟ್ಟಲೆ ನಿಂತು, ನಡೆದು ನುಡಿಸುವ ಬ್ಯಾಂಡಿನ ವಾದಕನಿಗೆ ಈ ಅಂತರ ಕೈನೋವಿನ ಪ್ರಶ್ನೆ, ತನ್ಮೂಲಕ ಜೀವನೋಪಾಯದ ಪ್ರಶ್ನೆ.

ಮೂರನೆಯದು ಬಾಯಿತುಂಡು ಮತ್ತು ರೀಡ್. ಇವೆರಡರ ತುದಿಗಳ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರು. ಮೆರವಣಿಗೆಯ ವಾದಕನು ಹಲಗೆ–ಡೋಲುಗಳ ನಡುವೆ ಕೇಳಿಸುವಂಥ ದೊಡ್ಡ ನಾದವನ್ನು ಬಯಸುತ್ತಾನೆ. ರಾಗಸಂಗೀತದ ವಾದಕನು ತುಟಿಯ ಸಡಿಲಿಕೆಯಿಂದ ಸ್ವರವನ್ನು ಜಾರಿಸಿ ಮೀಂಡನ್ನು ಹೊರಡಿಸಬೇಕಾಗುತ್ತದೆ. ಹೀಗಾಗಿ ಒಬ್ಬನಿಗೆ ಒಪ್ಪುವ ಬಾಯಿತುಂಡು ಮತ್ತೊಬ್ಬನಿಗೆ ಒಪ್ಪದಿರುವುದು ಸಹಜ. ಕೀಲಿಗಳ ಉಂಗುರಗಳು ಕಡಿಮೆಯಿರುವ, ಬೆರಳು ನೇರವಾಗಿ ರಂಧ್ರವನ್ನು ಮುಟ್ಟುವ ಆಲ್ಬರ್ಟ್ ಪದ್ಧತಿಯ ವಾದ್ಯವನ್ನು ಭಾರತೀಯ ವಾದಕರು ಮೆಚ್ಚಲು ಕಾರಣವೂ ಇದೇ. ಬೆರಳನ್ನು ಮೆಲ್ಲನೆ ಸರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದರಲ್ಲಿ ಸುಲಭ.

ಶ್ರುತಿ ಮತ್ತು ಹವಾಮಾನ

ಕಾರ್ಖಾನೆಯಲ್ಲಿ ವಾದ್ಯವನ್ನು ಸಮವಿಭಜಿತ ಸ್ವರಾಷ್ಟಕಕ್ಕೆ ಹೊಂದಿಸಿರುತ್ತಾರೆ. ಅದರಲ್ಲಿ ಷಡ್ಜದಿಂದ ತೀವ್ರಗಾಂಧಾರಕ್ಕೆ 400 ಸೆಂಟ್ ಅಂತರ. ತಂಬೂರಿಯ ನಾದದಲ್ಲಿ ಸಹಜವಾಗಿ ಕೇಳಿಬರುವ ಗಾಂಧಾರವು ಸುಮಾರು 386 ಸೆಂಟಿನದು. ಈ 14 ಸೆಂಟುಗಳನ್ನು ವಾದಕನು ತುಟಿಯಿಂದ ಇಳಿಸಿಕೊಳ್ಳುತ್ತಾನೆ. ಕ್ಲಾರಿಯೋನೆಟಿನಲ್ಲಿ ತುಟಿಯಿಂದ ಸ್ವರವನ್ನು ಇಳಿಸುವುದು ಸುಲಭ, ಏರಿಸುವುದು ಕಷ್ಟ. ಆದುದರಿಂದ ನಮ್ಮ ಸಂಗೀತಕ್ಕೆ ಹೊಂದಿಸುವವನು ಯಂತ್ರದ ಮುಳ್ಳು ತೋರಿಸುವ ನಡುಬಿಂದುವಿಗೇ ಪ್ರತಿ ಸ್ವರವನ್ನೂ ತಂದು ನಿಲ್ಲಿಸಬೇಕಾಗಿಲ್ಲ. ವಾದಕನಿಗೆ ಇಳಿಸಿಕೊಳ್ಳಲು ಅವಕಾಶವಿರುವಂತೆ ಕೂದಲೆಳೆಯಷ್ಟು ಮೇಲೆಯೇ ಬಿಡುವುದು ವಿವೇಕ. ಹೊಂದಾಣಿಕೆಯ ವೇಳೆ ವಾದಕನು ತಂಬೂರಿಯೊಡನೆ ಎದುರಿಗೆ ಕುಳಿತು ನುಡಿಸಲೇಬೇಕೆಂಬುದಕ್ಕೆ ಇದೇ ಆಧಾರ.

ಇನ್ನು ಹವೆಯ ವಿಚಾರ. ಕೊಳವೆಯೊಳಗಿನ ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ವಾದಕನ ಉಸಿರಿನ ಬಿಸಿ ಈ ವ್ಯತ್ಯಾಸವನ್ನು ತಗ್ಗಿಸುತ್ತದೆಯಾದರೂ ಪೂರ್ಣವಾಗಿ ಅಳಿಸಲಾರದು. ಮಾರ್ಗಶಿರದ ದತ್ತಜಯಂತಿಯ ಚಳಿರಾತ್ರಿಯಲ್ಲಿ ಹಾರ್ಮೋನಿಯಂಗೆ ಕೂಡುವ ವಾದ್ಯ, ವೈಶಾಖದ ಮದುವೆಯ ಮಧ್ಯಾಹ್ನ ಅದೇ ಹಾರ್ಮೋನಿಯಂಗಿಂತ ಮೇಲೇರಿರುತ್ತದೆ. ಬಾಯಿತುಂಡಿನ ಕೆಳಗಿನ 'ಬ್ಯಾರಲ್' ಭಾಗವನ್ನು ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ಆದರೆ ಮೇಲ್ಭಾಗದ ರಂಧ್ರಗಳ ಸ್ವರಗಳು ಹೆಚ್ಚಾಗಿಯೂ ಕೆಳಭಾಗದವು ಕಡಿಮೆಯಾಗಿಯೂ ಇಳಿಯುವುದರಿಂದ ಸ್ವರಾಂತರಗಳು ಕೆಡುತ್ತವೆ. ಉದ್ದದಲ್ಲಿ ಒಂದೆರಡು ಮಿಲಿಮೀಟರು ಅಂತರವಿರುವ ಎರಡು ಬ್ಯಾರಲ್‌ಗಳನ್ನು ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಒಣಬೇಸಿಗೆಯಲ್ಲಿ ಆಫ್ರಿಕಾದ ಕರಿಮರದ ಕೊಳವೆ ಕುಗ್ಗಿ, ಲೋಹದ ಉಂಗುರಗಳು ಸಡಿಲಗೊಂಡು, ಕೆಲವೊಮ್ಮೆ ಬಿರುಕು ಬಿಡುತ್ತದೆ. ಎಬೊನೈಟಿನ ವಾದ್ಯ ಹಾಗೆ ಬಿರುಕು ಬಿಡದು, ಆದರೆ ಬಿಸಿಲಿಗೆ ಬಣ್ಣಗೆಡುತ್ತದೆ.

ಮರಳಿಸಬಹುದಾದುದು, ಮರಳಿಸಲಾಗದುದು

ಹೊಂದಾಣಿಕೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ರಂಧ್ರದ ಅಂಚಿಗೆ ಮೇಣ ಅಥವಾ ಅರಗನ್ನು ಲೇಪಿಸಿ ಸ್ವರವನ್ನು ಇಳಿಸುವುದು, ಬ್ಯಾರಲ್ ಬದಲಿಸುವುದು, ಸ್ಪ್ರಿಂಗನ್ನು ಸಡಿಲಿಸುವುದು ಮುಂತಾದವು ಮರಳಿಸಬಹುದಾದವು. ರಂಧ್ರವನ್ನು ಕೆರೆದು ಹಿಗ್ಗಿಸುವುದು, ಬಾಯಿತುಂಡಿನ ಮುಖವನ್ನು ಉಜ್ಜುವುದು ಮರಳಿಸಲಾಗದವು. ಶಹನಾಯಿ ವಾದಕರು ರಂಧ್ರಗಳನ್ನು ಮೇಣದಿಂದ ತಿದ್ದುವ ರೂಢಿಯನ್ನು ಹಿಂದಿನಿಂದಲೂ ಉಳಿಸಿಕೊಂಡು ಬಂದಿದ್ದಾರೆ. ತಪ್ಪಾದರೆ ತೆಗೆಯಬಹುದು, ಋತು ಬದಲಾದರೆ ಬದಲಿಸಬಹುದು ಎಂಬ ಈ ದೇಶೀಯ ವಿವೇಕವನ್ನು ಕ್ಲಾರಿಯೋನೆಟಿಗೂ ಅನ್ವಯಿಸುವುದು ಉಚಿತ.

ಸಂಶೋಧಕರಿಗೂ ಈ ವಿಂಗಡಣೆ ಮುಖ್ಯವಾದುದು. ಹಳೆಯ ವಾದ್ಯವೊಂದು ಸಂಗ್ರಹಾಲಯಕ್ಕೆ ಬಂದಾಗ ಅದರ ರಂಧ್ರದ ಮೇಣ, ಸರಿಸಿದ ಹೆಬ್ಬೆರಳಿನ ಆಸರೆ, ಬಾಗಿಸಿದ ಕೀಲಿ ಇವೆಲ್ಲ ಮಲಿನತೆಯಂತೆ, ವಿಕೃತಿಯಂತೆ ಕಾಣಬಹುದು. ಅವನ್ನು ಶುಚಿಗೊಳಿಸಿ 'ಮೂಲರೂಪ'ಕ್ಕೆ ತಂದರೆ ಉಳಿಯುವುದು ಯುರೋಪಿನ ಅಥವಾ ಮೀರತ್ತಿನ ಕಾರ್ಖಾನೆಯ ವಸ್ತು ಮಾತ್ರ; ಅದನ್ನು ನುಡಿಸಿದವನ ಕೈ, ತುಟಿ ಮತ್ತು ಶ್ರುತಿಯ ಸಾಕ್ಷ್ಯ ಅಳಿದುಹೋಗುತ್ತದೆ.

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹುಮನಾಬಾದ್, ಅದಕ್ಕೆ ಹೊಂದಿದ ಬಸವಕಲ್ಯಾಣ ಇವೆರಡೂ ಮೂರು ಭಾಷೆಗಳ ಸಂಗೀತ ಕೂಡುವ ನೆಲ. ಇಲ್ಲಿನ ಬ್ಯಾಂಡು ವಾದಕರ ಹಳೆಯ ವಾದ್ಯಗಳನ್ನು ಅಳತೆ ಸಹಿತ ದಾಖಲಿಸುವುದು, ವಾದಕರೂ ದುರಸ್ತಿಗಾರರೂ ತಮ್ಮ ಕೆಲಸಕ್ಕೆ ಬಳಸುವ ಮಾತುಗಳನ್ನು ಸಂಗ್ರಹಿಸುವುದು ಈಗಲೇ ಆಗಬೇಕಾದ ಕಾರ್ಯ. ಆಲ್ಬರ್ಟ್ ಪದ್ಧತಿಯ ಹೊಸ ವಾದ್ಯಗಳು ವಿರಳವಾಗುತ್ತಿರುವ ಈ ದಿನಗಳಲ್ಲಿ ಒಂದು ಹಳೆಯ ವಾದ್ಯ ಮೂಲೆಗೆ ಬಿದ್ದರೆ ಅದರೊಡನೆ ಅದನ್ನು ಹೊಂದಿಸಿದವನ ತಿಳಿವಳಿಕೆಯೂ ಕಾಣೆಯಾಗುತ್ತದೆ. ವಾದಕರ ಚರಿತ್ರೆಯನ್ನು ಬರೆದಿರುವ ನಾವು, ಅವರ ವಾದ್ಯವನ್ನು ಅವರದಾಗಿಸಿದ ಕೈಗಳ ಚರಿತ್ರೆಯನ್ನೂ ಬರೆದಾಗ ಮಾತ್ರ ನಾಡಿನ ಸಂಗೀತದ ಇತಿಹಾಸ ಪೂರ್ಣವಾದೀತು.